ನಲ್ಲಿಯ ಹಿಂದಿರುವ ಮನುಷ್ಯ

ಕತ್ತಲಗೆರೆ ಎಂದೊಡನೆ ಚನ್ನಗಿರಿ ಸೀಮೆಯ ರೈತರಿಗೆ ನೆನಪಾಗುವುದು ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರ. ಭದ್ರಾ ನಾಲೆಯ ನೀರುಣ್ಣುವ ಈ ಬಯಲಿಗೆ ಯಾವ ತಳಿ ಒಗ್ಗೀತು, ಯಾವುದಕ್ಕೆ ರೋಗ ಹತ್ತೀತು ಎಂದು ಇಂಥ ಕೇಂದ್ರಗಳಲ್ಲಿ ಹಲವು ಹಂಗಾಮು ಬೆಳೆದು ನೋಡಿದ ಮೇಲೆಯೇ ರೈತನಿಗೆ ಸಲಹೆ ಕೊಡುತ್ತಾರೆ. ಬಿತ್ತನೆ ಬೀಜಕ್ಕಂತೂ ಕಟ್ಟುನಿಟ್ಟಿನ ಪರೀಕ್ಷೆ ಇದೆ. ಪ್ರಮಾಣಿತ ಬೀಜವೆಂದು ಭತ್ತದ ಚೀಲಕ್ಕೆ ಚೀಟಿ ಹಚ್ಚಬೇಕಾದರೆ ನೂರು ಕಾಳಿನಲ್ಲಿ ಕನಿಷ್ಠ 80 ಮೊಳೆಯಬೇಕು. 79 ಮೊಳೆತರೆ ಆ ಚೀಲ ಬೀಜವಾಗುವುದಿಲ್ಲ, ಅಕ್ಕಿಯಾಗುತ್ತದೆ.

ಒಂದು ಕಾಳಿಗೆ ಇಷ್ಟು ಪರೀಕ್ಷೆ. ಸರಿಯೇ. ಆದರೆ ಅದೇ ಸೀಮೆಯ ಯಾವುದೇ ಹಳ್ಳಿಯಲ್ಲಿ ಕೋಳಿ ಕೂಗುವ ಮೊದಲೇ ಎದ್ದು, ಕರೆಂಟು ಇದೆಯೇ ಎಂದು ನೋಡಿ, ಮೋಟಾರು ಹಾಕಿ, ಮೇಲ್ತೊಟ್ಟಿ ತುಂಬಿಸಿ, ಕೇರಿ ಕೇರಿಗೆ ವಾಲ್ವ್ ತಿರುಗಿಸಿ ನೀರು ಬಿಡುವ ಮನುಷ್ಯನೊಬ್ಬನಿದ್ದಾನಲ್ಲ, ಅವನಿಗೆ ಯಾವ ಪರೀಕ್ಷೆ? ಊರಿನ ಹಸುಗೂಸಿನಿಂದ ಹಿಡಿದು ಮುದುಕರವರೆಗೆ ಎಲ್ಲರ ಹೊಟ್ಟೆಗೂ ಹೋಗುವ ನೀರು ಆತನ ಕೈಯಲ್ಲಿದೆ. ಆತನನ್ನು ನೇಮಿಸಿದವರಾರು, ಏನು ನೋಡಿ ನೇಮಿಸಿದರು, ನೇಮಿಸಿದ ಮೇಲೆ ಏನು ಕಲಿಸಿದರು? ಈ ಪ್ರಶ್ನೆ ಮನೆಗಳಲ್ಲಿ ಏಳುವುದಿಲ್ಲ. ನೀರು ಬಾರದ ದಿನ ಮಾತ್ರ ಆತನ ಹೆಸರು ಏಳುತ್ತದೆ.

ಕಂಪನಿಗಳಲ್ಲಿ ಈ ಕೆಲಸಕ್ಕೆ ಮಾನವ ಸಂಪನ್ಮೂಲ ನಿರ್ವಹಣೆ ಎಂಬ ಭಾರವಾದ ಹೆಸರಿದೆ. ಕಾಲೇಜುಗಳಲ್ಲಿ ಅದಕ್ಕೊಂದು ಪದವಿಯೂ ಇದೆ. ಗ್ರಾಮ ಪಂಚಾಯಿತಿಯ ಮಟ್ಟಕ್ಕೆ ಇಳಿಸಿ ಹೇಳುವುದಾದರೆ ಅದು ನಾಲ್ಕು ಮಾತು: ಯಾರನ್ನು ತೆಗೆದುಕೊಳ್ಳುವುದು, ಎಷ್ಟು ಕೊಡುವುದು, ಏನು ಕಲಿಸುವುದು, ತಪ್ಪಿದರೆ ಏನು ಮಾಡುವುದು. ಇದು ಬರೀ ಕಚೇರಿಯ ಕಡತದ ವಿಷಯವೆಂದು ತಿಳಿಯಬೇಡಿ. ನೀರಿನ ಮಟ್ಟಿಗೆ ಇದು ಜೀವ ಉಳಿಯುವ, ಹೋಗುವ ವಿಷಯ. ಹೇಗೆಂದು ಒಂದು ಲೆಕ್ಕ ಮಾಡಿ ನೋಡೋಣ. ಎಂಟನೆಯ ತರಗತಿಯ ಗಣಿತ ಸಾಕು.

ಊರಿನ ಮೇಲ್ತೊಟ್ಟಿ 50,000 ಲೀಟರಿನದು ಎನ್ನಿ. ನೀರು ತಿಳಿಯಾಗಿದ್ದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಕ್ಲೋರಿನ್ ಬೇಕಾಗಬಹುದು. ಎರಡರಿಂದ ಗುಣಿಸಿದರೆ 1,00,000 ಮಿಲಿಗ್ರಾಂ, ಅಂದರೆ 100 ಗ್ರಾಂ ಕ್ಲೋರಿನ್. ಆದರೆ ಅಂಗಡಿಯಿಂದ ಬರುವುದು ಶುದ್ಧ ಕ್ಲೋರಿನ್ ಅಲ್ಲ, ಬ್ಲೀಚಿಂಗ್ ಪುಡಿ. ಹೊಸ ಪುಡಿಯಲ್ಲಿ ನೂರಕ್ಕೆ ಸುಮಾರು 33 ಪಾಲು ಕ್ಲೋರಿನ್ ದೊರೆಯುತ್ತದೆ, ಆದ್ದರಿಂದ 300 ಗ್ರಾಂ ಪುಡಿ ಸಾಕು. ಸ್ವಲ್ಪ ಹಳತಾಗಿ 25ಕ್ಕೆ ಇಳಿದಿದ್ದರೆ 400 ಗ್ರಾಂ ಬೇಕು. ಚೀಲದ ಬಾಯಿ ಬಿಚ್ಚಿಟ್ಟು, ಪಂಚಾಯಿತಿಯ ಮೂಲೆಯಲ್ಲಿ ತೇವ ಹೀರುತ್ತ ಬಿದ್ದು 10ಕ್ಕೆ ಇಳಿದಿದ್ದರೆ ಒಂದು ಕಿಲೋ ಬೇಕು. ನೋಡಲು ಮೂರೂ ಒಂದೇ ಬಿಳಿ ಪುಡಿ. ಅಂದಾಜಿನ ಮೇಲೆ ಎರಡು ಬೊಗಸೆ ಹಾಕುವವನಿಗೆ ಈ ವ್ಯತ್ಯಾಸ ತಿಳಿಯುವುದು ಹೇಗೆ?

ಹಾಕುವ ಕ್ರಮವೂ ಇದೆ. ಪುಡಿಯನ್ನು ನೇರವಾಗಿ ತೊಟ್ಟಿಗೆ ಸುರಿದರೆ ಅದರಲ್ಲಿರುವ ಸುಣ್ಣ ತಳದಲ್ಲಿ ಕೆಸರಾಗಿ ಕೂರುತ್ತದೆ. ಮೊದಲು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಬೆರೆಸಿ ಕಲಸಬೇಕು, ಮತ್ತಷ್ಟು ನೀರು ಹಾಕಿ ಕದಡಬೇಕು, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ತೊಟ್ಟಿಗೆ ಹುಯ್ಯಬೇಕು. ಆಮೇಲೆ ಅರ್ಧ ಗಂಟೆ ಕಾಯಬೇಕು. ರೋಗಾಣು ಸಾಯಲು ಅಷ್ಟು ಹೊತ್ತು ಬೇಕು. ಕೊನೆಯ ಮನೆಯ ನಲ್ಲಿಯಲ್ಲಿ ಹಿಡಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಇನ್ನೂ ಉಳಿದಿರಬೇಕು ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನಕ. ಒಂದು ಸಣ್ಣ ಕೊಳವೆಯಲ್ಲಿ ನೀರು ಹಿಡಿದು ಔಷಧಿಯ ಕೆಲವು ಹನಿ ಹಾಕಿದರೆ ಬಣ್ಣ ಬರುತ್ತದೆ, ಆ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿದರೆ ಆಯಿತು. ಪ್ರೌಢಶಾಲೆಯ ಪ್ರಯೋಗಾಲಯದ ಲಿಟ್ಮಸ್ ಪರೀಕ್ಷೆಗಿಂತ ಇದು ಕಷ್ಟವಲ್ಲ. ಆದರೆ ಯಾರಾದರೂ ಒಮ್ಮೆ ಕೈ ಹಿಡಿದು ತೋರಿಸಿರಬೇಕು.

ಕೊನೆಯ ಮನೆಯ ನಲ್ಲಿ ಎಂದು ಒತ್ತಿ ಹೇಳಲು ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ದಿನವಿಡೀ ನೀರು ಹರಿಯುವುದಿಲ್ಲ. ವಾಲ್ವ್ ಮುಚ್ಚಿದ ಮೇಲೆ ತಗ್ಗಿನ ಮನೆಗಳ ಕಡೆಗೆ ನೀರು ಇಳಿದುಹೋಗುತ್ತ ಕೊಳವೆಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಬಹುದು. ಆಗ ಬಿರುಕಿನಿಂದ ನೀರು ಹೊರಗೆ ಸೋರುವ ಬದಲು ಪಕ್ಕದ ಚರಂಡಿಯ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ, ಎಳನೀರಿಗೆ ಕೊಳವೆ ಹಾಕಿ ಹೀರಿದಂತೆ. ನಲ್ಲಿಗೆ ನೇರವಾಗಿ ಮೋಟಾರು ಜೋಡಿಸುವ ಮನೆಗಳು ಈ ಹೀರುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ತೊಟ್ಟಿಯಲ್ಲಿ ಶುದ್ಧವಾಗಿದ್ದ ನೀರು ಬಾಗಿಲಿಗೆ ಬರುವಾಗ ಕೆಡುವುದು ಹೀಗೆ. ಯಾವ ಕೇರಿಯಲ್ಲಿ ಕೊಳವೆ ಚರಂಡಿ ದಾಟುತ್ತದೆ, ಎಲ್ಲಿ ಸೋರುತ್ತದೆ ಎಂಬುದು ನೀರು ಬಿಡುವವನಿಗೆ ಗೊತ್ತಿರುವಷ್ಟು ಎಂಜಿನಿಯರಿಗೂ ಗೊತ್ತಿರುವುದಿಲ್ಲ. ಆ ತಿಳಿವಳಿಕೆಯನ್ನು ಕೇಳುವ ಕಿವಿ ಪಂಚಾಯಿತಿಯಲ್ಲಿ ಇರಬೇಕಷ್ಟೆ.

ಇಷ್ಟೆಲ್ಲ ಬರುವ ನೀರುಗಂಟಿ ಸಿಕ್ಕನೆನ್ನಿ. ಆಗಲೂ ಒಂದು ತೊಡಕು. ಕ್ಲೋರಿನ್ ಹಾಕಿದ ಬೆಳಿಗ್ಗೆಯೇ ಯಾರೋ ಕಟ್ಟೆಯ ಮೇಲಿನಿಂದ ಕೂಗುತ್ತಾರೆ: “ಏನೋ ತಮ್ಮಾ, ನೀರು ಔಸ್ದಿ ವಾಸ್ನೆ ಹೊಡಿತೈತಲ್ಲೋ!” ಮೂರು ಜನ ಹೀಗೆಂದರೆ ವಾರ್ಡಿನ ಸದಸ್ಯರು “ಸ್ವಲ್ಪ ಕಡಿಮೆ ಹಾಕಪ್ಪ” ಎನ್ನುತ್ತಾರೆ. ಕೆಲಸ ಉಳಿಯಬೇಕೆಂದರೆ ಆತ ಯಾರ ಮಾತು ಕೇಳಬೇಕು, ಮಾನಕದ್ದೋ ಸದಸ್ಯರದ್ದೋ? ಸಂಬಳ, ನೇಮಕ, ಶಿಸ್ತು ಎಂಬ ಒಣ ಮಾತುಗಳು ಬಂದು ನಿಲ್ಲುವುದು ಈ ಪ್ರಶ್ನೆಯ ಎದುರು.

ಇದು ನಮ್ಮ ಹಳ್ಳಿಗಳ ಹಣೆಬರಹ, ಮುಂದುವರಿದ ದೇಶಗಳಲ್ಲಿ ಹೀಗಿಲ್ಲ ಎನ್ನುವವರು ಕೆನಡಾದ ವಾಕರ್ಟನ್ ಕಥೆ ಕೇಳಬೇಕು. ಆಂಟಾರಿಯೊ ಪ್ರಾಂತ್ಯದ ಈ ಪುಟ್ಟ ಪಟ್ಟಣದ ಜನಸಂಖ್ಯೆ ಐದು ಸಾವಿರ ದಾಟುವುದಿಲ್ಲ, ನಮ್ಮ ಒಂದು ಗ್ರಾಮ ಪಂಚಾಯಿತಿಯಷ್ಟು. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಿತ್ತು. ಹೊಲಕ್ಕೆ ಹಾಕಿದ್ದ ಸಗಣಿ ಗೊಬ್ಬರದ ರೋಗಾಣು ನೆಲಕ್ಕಿಳಿದು ಊರಿನ ಒಂದು ಕೊಳವೆಬಾವಿಗೆ ಸೇರಿತು. 7 ಜನ ಸತ್ತರು, 2,300ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಅಂದರೆ ಊರಿನ ಅರ್ಧ ಭಾಗ. ಕ್ಲೋರಿನ್ ಯಂತ್ರ ಇರಲಿಲ್ಲವೇ? ಇತ್ತು. ಕ್ಲೋರಿನ್ ಇರಲಿಲ್ಲವೇ? ಅದೂ ಇತ್ತು. ಅದನ್ನು ಸಾಕಷ್ಟು ಹಾಕುತ್ತಿರಲಿಲ್ಲ, ಅಳತೆ ಮಾಡದೆಯೇ ಪುಸ್ತಕದಲ್ಲಿ ಅಂಕಿ ಬರೆಯುತ್ತಿದ್ದರು.

ನ್ಯಾಯಮೂರ್ತಿ ಓಕಾನರ್ ಅವರ ವಿಚಾರಣಾ ವರದಿ 2002ರಲ್ಲಿ ಹೊರಬಂತು. ಅದನ್ನು ಓದಿದರೆ ನಮ್ಮೂರಿನದೇ ಕಥೆ ಎನಿಸುತ್ತದೆ. ನೀರಿನ ಉಸ್ತುವಾರಿ ಹೊತ್ತವರಿಗೆ ಪರವಾನಗಿ ಇತ್ತು, ಆದರೆ ಪರೀಕ್ಷೆ ಬರೆದು ಪಡೆದದ್ದಲ್ಲ. ಬಹಳ ವರ್ಷದಿಂದ ಕೆಲಸದಲ್ಲಿದ್ದಾರೆಂಬ ಕಾರಣಕ್ಕೆ ಕೊಟ್ಟದ್ದು. ಆ ನೀರಿನಲ್ಲಿ ಎಂಥ ರೋಗಾಣು ಬರಬಹುದು, ಬಂದರೆ ಏನಾಗುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಕ್ಲೋರಿನ್ ವಾಸನೆ ಬರುತ್ತದೆಂದು ಜನ ದೂರುತ್ತಿದ್ದರು. ಆ ನೌಕರರೇ ಕ್ಲೋರಿನ್ ಹಾಕದ ಬಾವಿಯ ನೀರು ಕುಡಿಯುತ್ತಿದ್ದರು! ಅವರ ಮೇಲಿದ್ದ ಚುನಾಯಿತ ಸಮಿತಿಯವರಿಗೆ ನೀರಿನ ವಿಜ್ಞಾನ ಗೊತ್ತಿರಲಿಲ್ಲ, ಎರಡು ವರ್ಷ ಮೊದಲೇ ತಪಾಸಣಾ ವರದಿ ಎಚ್ಚರಿಸಿದ್ದರೂ ಅವರು ಬೆನ್ನು ಹತ್ತಲಿಲ್ಲ. ಆ ದುರಂತದ ನಂತರ ಆಂಟಾರಿಯೊ ತನ್ನ ನೀರು ನೌಕರರಿಗೆ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು, ತರಬೇತಿಗೆಂದೇ ವಾಕರ್ಟನ್ ಊರಿನಲ್ಲಿ ಒಂದು ಸಂಸ್ಥೆ ತೆರೆಯಿತು. ಏಳು ಜೀವ ತೆತ್ತ ಮೇಲೆ ಬಂದ ಬುದ್ಧಿ.

ಇನ್ನು ನಮ್ಮ ಕಡೆಗೆ ಬರೋಣ. ನೀರುಗಂಟಿ ಎಂಬ ಮಾತು ಪಂಚಾಯಿತಿಗಿಂತ ಎಷ್ಟೋ ಹಳೆಯದು. ಏಷ್ಯಾದ ದೊಡ್ಡ ಕೆರೆಗಳಲ್ಲೊಂದೆಂದು ಹೆಸರಾದ ಸೂಳೆಕೆರೆ ಇರುವುದು ಇದೇ ಚನ್ನಗಿರಿ ತಾಲ್ಲೂಕಿನಲ್ಲಿ. ಹಿಂದೆ ಕೆರೆಯ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹಂಚುವವನೇ ನೀರುಗಂಟಿ. ತೋಟಿ, ತಳವಾರರಂತೆ ಆತನೂ ಊರಿನ ಆಯಗಾರ. ಕಣದಲ್ಲಿ ರಾಶಿಯಾದಾಗ ಆತನ ಪಾಲಿನ ಕಾಳು ಸಲ್ಲುತ್ತಿತ್ತು, ಕೆಲವು ಕಡೆ ಇನಾಮು ಭೂಮಿಯೂ ಇರುತ್ತಿತ್ತು. ಕೆಲಸ ಅಪ್ಪನಿಂದ ಮಗನಿಗೆ, ಕಲಿಕೆಯೂ ಅಪ್ಪನಿಂದ ಮಗನಿಗೆ. ಹಾಗೆಂದು ಆ ಕಾಲವನ್ನು ಹೊಗಳಬೇಕಾಗಿಲ್ಲ. ಜಾತಿಗೆ ಅಂಟಿದ ಚಾಕರಿ ಅದು, ಬೇಡವೆಂದು ಬಿಡುವ ಹಕ್ಕು ಅವನಿಗಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳು ಹೋದವು. ಕೊಳವೆಬಾವಿ, ಮೇಲ್ತೊಟ್ಟಿ, ನಲ್ಲಿ ಬಂದಾಗ ಹಳೆಯ ಹೆಸರೇ ಹೊಸ ಕೆಲಸಕ್ಕೆ ಅಂಟಿಕೊಂಡಿತು. ಹೊಸ ಕೆಲಸಕ್ಕೆ ಬೇಕಾದ ಹೊಸ ಕಲಿಕೆಯನ್ನು ಯಾರು ಕೊಡಬೇಕೆಂಬುದು ಮಾತ್ರ ಇತ್ಯರ್ಥವಾಗದೆ ಉಳಿಯಿತು.

ಅಧಿಕಾರವನ್ನು ಹಳ್ಳಿಗೆ ಇಳಿಸುವುದರಲ್ಲಿ ಕರ್ನಾಟಕ ದೇಶಕ್ಕೆ ಮೇಲ್ಪಂಕ್ತಿ ಹಾಕಿದ ರಾಜ್ಯ. 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದವು. ಅದರ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೆ ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡವರು. ಸಂವಿಧಾನದ 73ನೆಯ ತಿದ್ದುಪಡಿಯ ನಂತರ 1993ರ ಪಂಚಾಯತ್ ರಾಜ್ ಕಾಯ್ದೆ ಬಂತು. ಅದರ 112 ಮತ್ತು 113ನೆಯ ಪ್ರಕರಣಗಳನ್ನು ಹಿರಿಯ ತರಗತಿಯ ವಿದ್ಯಾರ್ಥಿಗಳು ಒಮ್ಮೆ ಓದಬೇಕು. ಎಷ್ಟು ನೌಕರರು ಬೇಕು, ಅವರ ಸಂಬಳವೆಷ್ಟು ಎಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿಯೇ ಮಾಡಬಹುದು, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಒಪ್ಪಿಗೆ ಪಡೆದು ನೇಮಿಸಬಹುದು, ತಪ್ಪಿದರೆ ದಂಡಿಸಬಹುದು. ಚನ್ನಗಿರಿಯ ಪಂಚಾಯಿತಿಗಳ ಕಡತ ಒಪ್ಪಿಗೆಗಾಗಿ ಮೊದಲು ಶಿವಮೊಗ್ಗಕ್ಕೆ ಹೋಗುತ್ತಿತ್ತು, 1997ರಲ್ಲಿ ಹೊಸ ಜಿಲ್ಲೆಯಾದ ಮೇಲೆ ದಾವಣಗೆರೆಗೆ.

ಅಧಿಕಾರವೇನೋ ಬಂತು, ದುಡ್ಡು? ನೌಕರರ ಸಂಬಳ ಪಂಚಾಯಿತಿಯ ನಿಧಿಯಿಂದ ಆಗಬೇಕು. ನಿಧಿ ತುಂಬಬೇಕಾದದ್ದು ಮನೆ ಕಂದಾಯ ಮತ್ತು ನೀರಿನ ಕರದಿಂದ. ಮಳೆ ಕೈಕೊಟ್ಟ ವರ್ಷ ಕಂದಾಯ ಬಾಕಿ, ಚುನಾವಣೆ ಹತ್ತಿರ ಬಂದ ವರ್ಷವೂ ಬಾಕಿ. ಕರ ವಸೂಲಿಗಾರ ಬಾಗಿಲಿಗೆ ಹೋದರೆ “ಮೊದಲು ನೀರು ಸರಿಯಾಗಿ ಬಿಡಿ” ಎನ್ನುತ್ತಾರೆ. ನೀರು ಬಿಡುವವನ ಮನೆಯಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲ. ಹೀಗೆ ಸುತ್ತುವ ಗಾಣ ಬಹಳ ವರ್ಷ ಸುತ್ತಿತು. ಎಷ್ಟೋ ಊರುಗಳಲ್ಲಿ ನೀರುಗಂಟಿ ಬೆಳಿಗ್ಗೆ ನೀರು ಬಿಟ್ಟು ಹಗಲೆಲ್ಲ ಕೂಲಿಗೆ ಹೋಗುತ್ತಿದ್ದುದು ಸೋಮಾರಿತನದಿಂದಲ್ಲ. ಹೊಟ್ಟೆಪಾಡಿಗೆ ಕೂಲಿಗೆ ಓಡಬೇಕಾದವನು ಅರ್ಧ ಗಂಟೆ ಕಾದು ಕ್ಲೋರಿನ್ ಪರೀಕ್ಷೆ ಮಾಡುತ್ತಾನೆಂದು ನಿರೀಕ್ಷಿಸುವುದು ನ್ಯಾಯವೇ?

ನೌಕರರ ದೀರ್ಘ ಹೋರಾಟದ ನಂತರ ಪರಿಸ್ಥಿತಿ ಒಂದಿಷ್ಟು ಬದಲಾಯಿತು. ಕನಿಷ್ಠ ವೇತನ ನಿಗದಿಯಾಗಿ, ಸರ್ಕಾರದ ಅನುದಾನದಿಂದ ಸಂಬಳ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುವ ವ್ಯವಸ್ಥೆ ಬಂತು. 2010ರ ಸುಮಾರಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಎಲ್ಲರೂ ಪಿಡಿಓ ಎನ್ನುವ ಹುದ್ದೆ, ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ತುಂಬತೊಡಗಿತು. ಕರ ವಸೂಲಿಗಾರನಿಗೆ ಕಾರ್ಯದರ್ಶಿಯಾಗಿ ಬಡ್ತಿ ಪಡೆಯುವ ದಾರಿ ಇದೆ. ನೀರುಗಂಟಿಗೆ ಮಾತ್ರ ಮೇಲೇರುವ ಮೆಟ್ಟಿಲು ಬಹಳ ಕಿರಿದು. ಇಪ್ಪತ್ತು ವರ್ಷ ಒಂದೇ ವಾಲ್ವ್ ತಿರುಗಿಸಿದವನಿಗೂ ನಿನ್ನೆ ಸೇರಿದವನಿಗೂ ಕೌಶಲದ ದರ್ಜೆಯೆಂಬುದೇ ಇಲ್ಲದಿದ್ದರೆ ಕಲಿಯುವ ಉತ್ಸಾಹ ಎಲ್ಲಿಂದ ಬರಬೇಕು?

ಪಟ್ಟಣಗಳ ಅನುಭವ ಇಲ್ಲಿ ನೆನೆಯಬಹುದು. ಐ.ಪಿ.ಡಿ. ಸಾಲಪ್ಪ ಸಮಿತಿ 1970ರ ದಶಕದಲ್ಲಿಯೇ ಇಷ್ಟು ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂಬ ಅಳತೆಯನ್ನು ಹೇಳಿತು. ಹಾಗಿದ್ದೂ ಗುತ್ತಿಗೆಯವರು, ನೇರ ಪಾವತಿಯವರು ಎಂದು ದಶಕಗಳು ಕಳೆದವು. 2022ರ ಜುಲೈಯಲ್ಲಿ ಮುಷ್ಕರ ನಡೆದ ಮೇಲೆ 11,133 ಪೌರಕಾರ್ಮಿಕರನ್ನು ಕಾಯಂ ಮಾಡುವ ತೀರ್ಮಾನವನ್ನು ಸಚಿವ ಸಂಪುಟ ತೆಗೆದುಕೊಂಡಿತು. ಕೆಲಸ ಕಾಯಂ ಆಗುವುದಕ್ಕೂ ಕೆಲಸ ಚೆನ್ನಾಗಿ ಆಗುವುದಕ್ಕೂ ಸಂಬಂಧವಿದೆ. ನಾಳೆ ಇರುತ್ತೇನೋ ಇಲ್ಲವೋ ಎಂಬವನಿಗೆ ಯಾರೂ ದುಡ್ಡು ಹಾಕಿ ತರಬೇತಿ ಕೊಡುವುದಿಲ್ಲ.

ತರಬೇತಿಯೇ ಇಲ್ಲವೆಂದಲ್ಲ. ಮೈಸೂರಿನಲ್ಲಿ ನಜೀರ್ ಸಾಬ್ ಹೆಸರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯೇ ಇದೆ. ಅಲ್ಲಿಯ ಸ್ಟುಡಿಯೋದಿಂದ ಉಪಗ್ರಹದ ಮೂಲಕ ತಾಲ್ಲೂಕು ಕೇಂದ್ರಗಳಲ್ಲಿ ಕೂತ ಸಾವಿರಾರು ಸದಸ್ಯರಿಗೆ ಪಾಠ ಹೇಳಿ, ಅವರು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಅಲ್ಲಿಂದಲೇ ಉತ್ತರಿಸುವ ವ್ಯವಸ್ಥೆ ಈ ಶತಮಾನದ ಆರಂಭದಲ್ಲಿಯೇ ಬಂದಿತ್ತು. ಮೊದಲ ಬಾರಿ ಗೆದ್ದು ಬಂದ ಮಹಿಳಾ ಸದಸ್ಯರಿಗೆ ಅದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಸದಸ್ಯರ ಅವಧಿ ಐದು ವರ್ಷ, ಅಧಿಕಾರಿಗೆ ವರ್ಗಾವಣೆ. ಊರಿನಲ್ಲಿ ಉಳಿಯುವವನು ನೀರುಗಂಟಿ. ಉಳಿಯುವವನಿಗೆ ಹೆಚ್ಚು ಕಲಿಸಬೇಕಾದದ್ದು ಸಹಜ ಲೆಕ್ಕ. ಅದೂ ಉಪಗ್ರಹದಿಂದಾಗುವ ಕೆಲಸವಲ್ಲ, ಅವನದೇ ತೊಟ್ಟಿಯ ಮೇಲೆ, ಅವನದೇ ಬಕೆಟ್ಟಿನಲ್ಲಿ ಮಾಡಿಸಿ ತೋರಿಸುವ ಕೆಲಸ. ವರ್ಷಕ್ಕೊಮ್ಮೆಯಾದರೂ ಮತ್ತೆ ನೆನಪಿಸುವ ಕೆಲಸ.

2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಒಂದು ಒಳ್ಳೆಯ ದಾರಿ ತೋರಿಸಿದೆ. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆ ಬಳಸಿ ನೀರು ಪರೀಕ್ಷಿಸುವುದನ್ನು ಕಲಿಸಬೇಕೆಂಬುದು ಅದರ ನಿಯಮ. ನೀರು ಬಿಡುವವನೊಬ್ಬ, ಪರೀಕ್ಷಿಸುವವರು ಬೇರೆ ಐವರು. ವಾಕರ್ಟನ್‌ನಲ್ಲಿ ಇಲ್ಲದೆ ಹೋದದ್ದು ಇದೇ. ಜಗಳೂರಿನಂಥ ತಾಲ್ಲೂಕಿಗಂತೂ ಇದು ಇನ್ನೂ ಮುಖ್ಯ. ಅಲ್ಲಿಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕ್ಲೋರಿನ್ ಹಾಕಿದರೂ ಅದು ಹೋಗುವುದಿಲ್ಲ, ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಯಾವ ಊರಿಗೆ ಯಾವ ಪಾಠ ಎಂಬುದನ್ನು ಆ ಊರಿನ ನೀರು ನೋಡಿ ನಿರ್ಧರಿಸಬೇಕು.

2023ರ ಆಗಸ್ಟ್‌ನಲ್ಲಿ ಪಕ್ಕದ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು, ಹಲವರು ಪ್ರಾಣ ಕಳೆದುಕೊಂಡರು. ಕೆಲವೇ ದಿನಗಳಲ್ಲಿ ಅಮಾನತಿನ ಆದೇಶಗಳು ಹೊರಟವು. ತಪ್ಪಿತಸ್ಥರಿಗೆ ಶಿಕ್ಷೆ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಘಟನೆಯಾದಾಗಲೆಲ್ಲ ಸುತ್ತಲಿನ ಊರುಗಳ ನೀರುಗಂಟಿಗಳನ್ನು ಕರೆದು ಎರಡು ದಿನ ಕೂರಿಸಿ ಕಲಿಸುವ ಆದೇಶವೂ ಅದೇ ವೇಗದಲ್ಲಿ ಹೊರಡಬೇಕು. ಅಮಾನತಿನಿಂದ ಮುಂದಿನ ಊರಿನ ತೊಟ್ಟಿಗೆ ಒಂದು ಗ್ರಾಂ ಕ್ಲೋರಿನ್ ಕೂಡ ಬೀಳುವುದಿಲ್ಲ.

ತಂದೆ ತಾಯಿಗಳು ಮಗ ಅಥವಾ ಮಗಳು ಪಿಡಿಓ ಆಗಲಿ ಎಂದು ದಾವಣಗೆರೆಯ ತರಬೇತಿ ಕೇಂದ್ರಗಳಿಗೆ ಫೀ ಕಟ್ಟುತ್ತಾರೆ. ಒಳ್ಳೆಯದೇ. ಪರೀಕ್ಷೆಗೆ ಓದುವವರು ಪ್ರಕರಣಗಳ ಸಂಖ್ಯೆ ಉರು ಹೊಡೆಯುವುದರ ಜೊತೆಗೆ ತಮ್ಮೂರಿನ ತೊಟ್ಟಿಯ ಬಳಿ ಒಂದು ಬೆಳಿಗ್ಗೆ ನಿಂತು ನೋಡಲಿ. ಶಾಲೆಯ ಮಕ್ಕಳಿಗೆ ಅದಕ್ಕಿಂತ ಸುಲಭದ ಅವಕಾಶವಿದೆ. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಅಲ್ಲಿ ಸಾಮಾನ್ಯವಾಗಿ ಆಟದ ಮೈದಾನ, ಶೌಚಾಲಯ, ಬಸ್ಸಿನ ಮಾತು ಬರುತ್ತದೆ. ಈ ಬಾರಿ ಇವನ್ನೂ ಕೇಳಿ: ತೊಟ್ಟಿಯನ್ನು ಕಡೆಯ ಸಲ ತೊಳೆದ ದಿನಾಂಕ ಯಾವುದು, ಅದನ್ನು ತೊಟ್ಟಿಯ ಮೇಲೆ ಏಕೆ ಬರೆದಿಲ್ಲ? ಬ್ಲೀಚಿಂಗ್ ಪುಡಿ ಯಾವ ತಿಂಗಳಲ್ಲಿ ತಂದದ್ದು, ಎಲ್ಲಿ ಇಟ್ಟಿದ್ದೀರಿ? ಪರೀಕ್ಷಾ ಪೆಟ್ಟಿಗೆ ಯಾರ ಬಳಿ ಇದೆ, ಅದರ ಔಷಧಿಯ ಅವಧಿ ಮುಗಿದಿಲ್ಲವಷ್ಟೆ? ನೀರುಗಂಟಿಗೆ ಕೈಗವಸು ಕೊಟ್ಟಿದ್ದೀರಾ, ಅವರು ತರಬೇತಿಗೆ ಹೋದದ್ದು ಯಾವ ವರ್ಷ?

ಉತ್ತರ ಬರೆದುಕೊಳ್ಳಲು ನೋಟು ಪುಸ್ತಕ ಒಯ್ಯಿರಿ. ನೀರುಗಂಟಿಯನ್ನೂ ಸಭೆಗೆ ಕರೆಸಬೇಕೆಂದು ಒಂದು ವಾರ ಮೊದಲೇ ಪಂಚಾಯಿತಿಗೆ ತಿಳಿಸಿ. ಇಲ್ಲದಿದ್ದರೆ ಸಭೆ ನಡೆಯುವ ಹೊತ್ತಿಗೆ ಅವರು ಯಾವುದೋ ಕೇರಿಯ ವಾಲ್ವ್ ಬಳಿ ಇರುತ್ತಾರೆ.